ಚೀಟಿಗಳಲ್ಲಿ ಹರಡಿದ ಕೊಮಾಲಾ

ಧಾರವಾಡದಲ್ಲಿ ನಾನು ಮತ್ತು ನನಗಿಂತ ಹಿರಿಯರಾದ ಒಬ್ಬ ಕಾದಂಬರಿಕಾರ್ತಿ ಕೆಲವು ವರ್ಷಗಳಿಂದ ಲ್ಯಾಟಿನ್ ಅಮೆರಿಕದ ಕಾದಂಬರಿಗಳನ್ನು ಜೊತೆಯಾಗಿ ಓದುತ್ತ ಬಂದಿದ್ದೇವೆ. ನಾನು ಅವರನ್ನು ಕರೆಯುವುದು ಅಕ್ಕಾರು ಎಂದು. ಇಬ್ಬರಿಗೂ ಸ್ಪ್ಯಾನಿಷ್ ಬಾರದು, ಇಂಗ್ಲಿಷ್ ಅನುವಾದಗಳೇ ಗತಿ. ಓದಿದ್ದಕ್ಕಿಂತ ಮಾತಾಡಿದ್ದೇ ಹೆಚ್ಚು. ಕಾದಂಬರಿ ಕಟ್ಟುವ ಬಗ್ಗೆ ನಾನು ಕಲಿತದ್ದರಲ್ಲಿ ಬಹುಪಾಲು ಆ ಮಾತಿನಿಂದ ಬಂದದ್ದು.

ಇದಕ್ಕೊಂದು ಮಾದರಿ ನಮ್ಮ ಮುಂದಿತ್ತು. 1967ರ ಸೆಪ್ಟೆಂಬರಿನಲ್ಲಿ ಪೆರುವಿನ ಲಿಮಾದ ಎಂಜಿನಿಯರಿಂಗ್ ವಿಶ್ವವಿದ್ಯಾಲಯದಲ್ಲಿ ಕೊಲಂಬಿಯಾದ ಕಾದಂಬರಿಕಾರ ಗಾರ್ಸಿಯಾ ಮಾರ್ಕ್ವೆಜ್ ಮತ್ತು ಪೆರುವಿನವರೇ ಆದ ಕಾದಂಬರಿಕಾರ ವರ್ಗಾಸ್ ಯೋಸಾ ಸಭೆಯೆದುರು ಕುಳಿತು ಮಾತಾಡಿದರು. ಒಬ್ಬರಿಗೆ 40 ವರ್ಷ, ಇನ್ನೊಬ್ಬರಿಗೆ 31. ಮಾರ್ಕ್ವೆಜರ ‘ನೂರು ವರ್ಷಗಳ ಏಕಾಂತ’ ಹೊರಬಂದು ಕೆಲವೇ ತಿಂಗಳಾಗಿತ್ತು. ಲೇಖಕನಿಂದ ಏನು ಉಪಯೋಗ ಎಂದು ಯೋಸಾ ಕೇಳಿದಾಗ, ತಾನು ಯಾವುದಕ್ಕೂ ಬಾರದವನು ಎಂದು ಗೊತ್ತಾದ ಮೇಲೆಯೇ ಲೇಖಕನಾದೆ ಎಂದು ಮಾರ್ಕ್ವೆಜ್ ಉತ್ತರಿಸಿದರು. ಅಲ್ಲಿಂದ ಮಾತು ಅವರ ಬಾಲ್ಯಕ್ಕೆ, ಅಜ್ಜ ಅಜ್ಜಿಯ ಮನೆಗೆ ಹೊರಳಿತು. ಇದು ಬದುಕಿನಲ್ಲಿ ಎಲ್ಲಿತ್ತು, ಪುಟಕ್ಕೆ ಹೇಗೆ ಬಂತು ಎಂದು ಯೋಸಾ ಕೆದಕುತ್ತಾರೆ. ಬಡಿಗನೊಬ್ಬ ಇನ್ನೊಬ್ಬ ಬಡಿಗ ಕೂರಿಸಿದ ಬಾಗಿಲನ್ನು ತಡವಿ ನೋಡುವ ಹಾಗೆ. ನಾವೂ ಅದನ್ನೇ ನಿಯಮ ಮಾಡಿಕೊಂಡೆವು: ಕೃತಿಯ ಅರ್ಥದ ಚರ್ಚೆ ಆಮೇಲೆ, ಅದು ನಿಂತದ್ದು ಹೇಗೆ ಎಂಬುದು ಮೊದಲು.

ಶುರು ಮಾಡಿದ್ದು ಮೆಕ್ಸಿಕೋದ ಹುವಾನ್ ರುಲ್ಫೋ ಅವರ ‘ಪೆದ್ರೊ ಪಾರಾಮೊ’ದಿಂದ. 1955ರ ಪುಸ್ತಕ, ತೀರ ಸಣ್ಣದು. ಮಾರ್ಕ್ವೆಜ್ ಮೆಕ್ಸಿಕೋಕ್ಕೆ ಬಂದ ಹೊಸತರಲ್ಲಿ ಗೆಳೆಯ ಆಲ್ವರೋ ಮುತೀಸ್ ಇದನ್ನು ಕೈಗಿಟ್ಟು, ಓದಿ ಕಲಿ ಎಂದರಂತೆ. ಎರಡನೇ ಸಲ ಓದಿ ಮುಗಿಸುವವರೆಗೆ ಆ ರಾತ್ರಿ ಅವರಿಗೆ ನಿದ್ದೆ ಬರಲಿಲ್ಲ.

ತಾಯಿಗೆ ಕೊಟ್ಟ ಮಾತಿನಂತೆ ಹುವಾನ್ ಪ್ರೆಸಿಯಾದೊ ಎಂಬವನು ತಂದೆ ಪೆದ್ರೊ ಪಾರಾಮೊನನ್ನು ಹುಡುಕಿ ಕೊಮಾಲಾ ಎಂಬ ಊರಿಗೆ ಬರುತ್ತಾನೆ. ಊರಲ್ಲಿ ಮಾತಾಡುವವರೆಲ್ಲ ಸತ್ತವರು. ಅರ್ಧ ದಾರಿಯಲ್ಲಿ, ಕಥೆ ಹೇಳುತ್ತಿರುವ ಅವನೂ ಗೋರಿಯೊಳಗಿದ್ದಾನೆ ಎಂದು ತಿಳಿಯುತ್ತದೆ. ಅಧ್ಯಾಯಗಳಿಲ್ಲ, ಸುಮಾರು 70 ತುಣುಕುಗಳು, ಕಾಲ ಹಿಂದೆ ಮುಂದೆ.

ಒಂದೊಂದು ತುಣುಕಿಗೆ ಒಂದೊಂದು ಚೀಟಿ ಮಾಡಿದೆವು. ಯಾರು ಮಾತಾಡುತ್ತಿದ್ದಾರೆ, ಯಾರಿಗೆ ಹೇಳುತ್ತಿದ್ದಾರೆ, ಅವರು ಬದುಕಿದ್ದಾರೋ ಸತ್ತಿದ್ದಾರೋ, ಇಷ್ಟೇ ಬರೆದದ್ದು. ಮೊದಲು ರುಲ್ಫೋ ಇಟ್ಟ ಕ್ರಮದಲ್ಲಿ ಪಡಸಾಲೆಯ ತುಂಬ ಹಾಸಿದೆವು. ಆಮೇಲೆ ಎಲ್ಲವನ್ನೂ ಎತ್ತಿ, ನಡೆದ ಕಾಲದ ಕ್ರಮದಲ್ಲಿ ಜೋಡಿಸಿದೆವು. ಅಕ್ಕಾರು ಸೊಂಟಕ್ಕೆ ಕೈಕೊಟ್ಟು ನಿಂತು ಹೇಳಿದರು: “ತಮ್ಮಾ, ಹಿಂಗ ಜೋಡಿಸಿದ ಮ್ಯಾಲೆ ಉಳದದ್ದೇನು? ಒಬ್ಬ ಗೌಡ, ಅವನ ದಬ್ಬಾಳಿಕಿ, ಅವನ ಸಾವು. ಇಂಥಾ ಕಥಿ ನಮ್ಮೂರಾಗೂ ಅದಾವ.”

ನಿಜ. ಅಬುಂದಿಯೊನನ್ನೇ ನೋಡಿ. ಮೊದಲ ಪುಟಗಳಲ್ಲಿ ಹುವಾನ್‌ಗೆ ಕೊಮಾಲಾದ ದಾರಿ ತೋರಿಸುವ ಕತ್ತೆ ಹೊಡೆಯುವವನು ಅವನು. ನಾನೂ ಪೆದ್ರೊ ಪಾರಾಮೊನ ಮಗನೇ ಎನ್ನುತ್ತಾನೆ, ಆ ಪೆದ್ರೊ ಸತ್ತು ಬಹಳ ವರ್ಷವಾಯಿತು ಎಂದೂ ಹೇಳುತ್ತಾನೆ. ಕೊನೆಯ ಪುಟಗಳಲ್ಲಿ, ಹೆಂಡತಿ ಸತ್ತ ದುಃಖದಲ್ಲಿ ಕುಡಿದು ಬಂದು ಪೆದ್ರೊನಿಗೆ ಚೂರಿ ಹಾಕುವವನೂ ಅವನೇ. ಕಾಲಕ್ರಮದಲ್ಲಿ ಇಟ್ಟರೆ ಕೊಲೆ ಮೊದಲು, ದಾರಿ ತೋರುವುದು ಆಮೇಲೆ. ಓದುಗನಿಗೆ ಅವನ ಗುಟ್ಟು ಮೊದಲೇ ಗೊತ್ತು. ರುಲ್ಫೋ ಕೊಲೆಗಾರನನ್ನು ಹೊಸ್ತಿಲಲ್ಲೇ ನಿಲ್ಲಿಸಿ ಸುಮ್ಮನಾಗಿಬಿಟ್ಟಿದ್ದಾರೆ. ಇದನ್ನು ಕಣ್ಣಾರೆ ಕಂಡ ದಿನ ನನಗೆ ಕೈಕಾಲು ಆಡಲಿಲ್ಲ.

ಯೋಸಾರ ‘ಕ್ಯಾಥೆಡ್ರಲ್‌ನಲ್ಲಿ ಸಂಭಾಷಣೆ’ಗೆ (1969) ಬಣ್ಣದ ಪೆನ್ಸಿಲ್ ಬೇಕಾಯಿತು. ಜನರಲ್ ಓದ್ರಿಯಾನ ಸರ್ವಾಧಿಕಾರದ ಪೆರು. ಪತ್ರಕರ್ತ ಸಾಂತಿಯಾಗೊ ಮತ್ತು ಹಿಂದೆ ಅವನ ತಂದೆಯ ಕಾರು ಓಡಿಸುತ್ತಿದ್ದ ಅಂಬ್ರೋಸಿಯೊ ‘ಕ್ಯಾಥೆಡ್ರಲ್’ ಎಂಬ ಅಗ್ಗದ ಬಾರಿನಲ್ಲಿ ಬಿಯರ್ ಕುಡಿಯುತ್ತ ಮಾತಿಗಿಳಿಯುತ್ತಾರೆ. ಆ ಮಾತಿನ ನಡುವೆ ಬೇರೆ ವರ್ಷಗಳ, ಬೇರೆ ಜನರ ಮಾತು ಮುನ್ಸೂಚನೆಯಿಲ್ಲದೆ ನುಗ್ಗುತ್ತದೆ. ಒಂದೊಂದು ಸಂಭಾಷಣೆಗೆ ಒಂದೊಂದು ಬಣ್ಣ ಎಳೆದೆವು. ಹಾಗೆ ಗುರುತು ಮಾಡಿದಾಗ, ಇಲ್ಲಿ ಕೇಳಿದ ಪ್ರಶ್ನೆಗೆ ಎಷ್ಟೋ ವರ್ಷ ಹಿಂದಿನ ಮಾತು ಉತ್ತರವಾಗಿ ಬೀಳುವುದು ಕಾಣಿಸಿತು. ಯುವ ಕಾದಂಬರಿಕಾರನಿಗೆ ಬರೆದ ಪತ್ರಗಳಲ್ಲಿ (1997) ಯೋಸಾ ಈ ತಂತ್ರವನ್ನು ವಿವರಿಸಿದ್ದಾರೆ. ಅಲ್ಲಿ ಅವರು ಕೊಡುವ ಉದಾಹರಣೆ ಫ್ಲೋಬೇರ್‌ನ ‘ಮದಾಂ ಬೊವಾರಿ’ ಕಾದಂಬರಿಯ ಕೃಷಿ ಮೇಳದ ದೃಶ್ಯ: ಭಾಷಣ, ಬಹುಮಾನ ಘೋಷಣೆಗಳ ನಡುವೆ ಪ್ರೇಮದ ಮಾತು.

ಮಾರ್ಕ್ವೆಜ್ ವಿಷಯದಲ್ಲಿ ನಮಗಿಬ್ಬರಿಗೂ ಜಗಳ. ‘ನೂರು ವರ್ಷಗಳ ಏಕಾಂತ’ದಲ್ಲಿ ರೆಮೆಡಿಯೋಸ್ ಎಂಬ ಹುಡುಗಿ ಆಕಾಶಕ್ಕೇರುವುದು ಅಗ್ಗದ ಪವಾಡವೆಂದು ನಾನು ವಾದಿಸಿದ್ದೆ. ಅಕ್ಕಾರು, ಗೆಳೆಯ ಪ್ಲಿನಿಯೊ ಮೆಂಡೋಸಾ ಜೊತೆ ಮಾರ್ಕ್ವೆಜ್ ನಡೆಸಿದ ಸಂಭಾಷಣೆಯ 1982ರ ಪುಸ್ತಕ ತೆಗೆದರು. ಹುಡುಗಿಯನ್ನು ಮೇಲೆತ್ತಲು ದಾರಿ ಕಾಣದೆ ಮಾರ್ಕ್ವೆಜ್ ಅಂಗಳಕ್ಕೆ ಬಂದಾಗ, ಒಬ್ಬ ಹೆಂಗಸು ಗಾಳಿಯಲ್ಲಿ ಚಾದರ ಒಣಹಾಕಲು ಹೆಣಗುತ್ತಿದ್ದಳು. ಆ ಚಾದರಗಳನ್ನು ತಂದಮೇಲೆ ರೆಮೆಡಿಯೋಸ್ ಏರಿದಳು. “ಅಕೀನ್ನ ಎತ್ತಿದ್ದು ದೇವರಲ್ಲೋ, ಗಾಳಿ,” ಅಂದರು ಅಕ್ಕಾರು. ನನ್ನ ತಕರಾರು ಪೂರ್ತಿ ಹೋಗಿಲ್ಲ, ಆದರೆ ಈಗ ಆ ಪುಟವನ್ನು ಗೌರವದಿಂದ ಓದುತ್ತೇನೆ.

ಆ ಹೊತ್ತಿಗೆ ನಾನು ಬರೆಯುತ್ತಿದ್ದ ಕಾದಂಬರಿಯಲ್ಲಿ ಅಪ್ಪನ ಸಾಲದ ಸಂಗತಿ ಹೊರಬೀಳಬೇಕಿತ್ತು. ಎಪಿಎಂಸಿಯಲ್ಲಿ ಮೆಣಸಿನಕಾಯಿ ಲಿಲಾವಿನ ಕೂಗಿನ ನಡುವೆ, ಅದೇ ವಾರ ಮನೆಯಲ್ಲಿ ನಡೆದ ಮದುವೆ ಮಾತುಕತೆಯ ಸಾಲುಗಳನ್ನು ಸೇರಿಸುತ್ತ ಹೋದೆ. ದಲಾಲಿ ದರ ಕೂಗುತ್ತಾನೆ, ಮುಂದಿನ ಸಾಲಿನಲ್ಲಿ ಬೀಗರು ಬಂಗಾರದ ತೂಕ ಕೇಳುತ್ತಾರೆ, ಅಪ್ಪ ಸುಮ್ಮನಿರುತ್ತಾನೆ. ಸಾಲ ಎಂಬ ಮಾತು ಎಲ್ಲೂ ಬರುವುದಿಲ್ಲ. ಓದಿದ ಅಕ್ಕಾರು ಮುಂದಿನ ಅಧ್ಯಾಯದ ಮೇಲೆ ಬೆರಳಿಟ್ಟರು, ಸಾಲದ ವಿವರವೆಲ್ಲ ಅದರಲ್ಲಿತ್ತು: “ಇದು ಇನ್ನ ಯಾಕ ಬೇಕೋ ತಮ್ಮಾ?” ಆ ಅಧ್ಯಾಯವನ್ನು ತೆಗೆದೆ.

ಇಬ್ಬರಿದ್ದರೆ ಸಾಕು, ಯಾರಾದರೂ ಹೀಗೆ ಓದಬಹುದು. ರುಲ್ಫೋರಿಂದಲೇ ಶುರು ಮಾಡಿ. ಚೀಟಿಗಳಿಗೆ ಸಂಖ್ಯೆ ಹಾಕಿಕೊಳ್ಳಿ, ಇಲ್ಲದಿದ್ದರೆ ಮತ್ತೆ ರುಲ್ಫೋ ಕ್ರಮಕ್ಕೆ ತರುವುದು ಕಷ್ಟ.