ಟಿಮಾರು ಕಡೆ ಬರ್ತಿರೋ ಕನ್ನಡದವರಿಗೆ: ಮೊದಲು ಇಲ್ಲಿನ ಕುರಿಹಟ್ಟಿ ಕಥೆ ತಿಳ್ಕೊಳ್ಳಿ

ನ್ಯೂಜಿಲೆಂಡ್‌ನ ಸೌತ್ ಕ್ಯಾಂಟರ್ಬರಿಗೆ, ಅಂದ್ರೆ ಟಿಮಾರು, ಟೆಮುಕಾ, ಫೇರ್ಲಿ ಕಡೆಗೆ ಡೈರಿ ಕೆಲಸಕ್ಕೋ ಆಸ್ಪತ್ರೆ ಕೆಲಸಕ್ಕೋ ಬರ್ತಿರೋರು ಮೊದಲು ಕೇಳೋದು ರಾಗಿಹಿಟ್ಟು ಸಿಗುತ್ತಾ ಅಂತ. ಸಿಗುತ್ತೆ ಕಣ್ರೀ. ಐಆರ್‌ಡಿ ನಂಬರ್ (ತೆರಿಗೆ ನಂಬರ್), ಬ್ಯಾಂಕ್ ಖಾತೆ, ಡಾಕ್ಟರ್ ಹತ್ರ ಹೆಸರು ಬರೆಸೋದು, ಇವೆಲ್ಲ ಬಂದ ವಾರವೇ ಮುಗಿಸ್ಬಿಡಿ. ನಾನು ಹೇಳ್ಬೇಕಂತ ಕೂತಿರೋದು ಬೇರೆ ವಿಷಯ: ಈ ಊರು ಕುರಿಹಟ್ಟಿಯಿಂದ ಹೆಂಗೆ ಬೆಳೀತು, ಅದು ತಿಳೀದೆ ನಾನು ಏನೇನು ತಪ್ಪು ಮಾಡ್ದೆ ಅಂತ.

ಬಂದ ಮೊದಲ ಎರಡು ವರ್ಷ ನನ್ನ ಬಾಯಲ್ಲಿ ಒಂದೇ ಮಾತು, "ಇಲ್ಲಿ ಏನೂ ಇಲ್ಲ." ಶುಕ್ರವಾರ ಸಂಜೆ ಆಯ್ತು ಅಂದ್ರೆ ಮಕ್ಕಳನ್ನ ಕಾರಲ್ಲಿ ಕೂರಿಸ್ಕೊಂಡು 160 ಕಿಲೋಮೀಟರ್ ದೂರದ ಕ್ರೈಸ್ಟ್‌ಚರ್ಚ್‌ಗೆ ಹೊರಟ್ಬಿಡ್ತಿದ್ದೆ, ಅಲ್ಲಿ ನಮ್ಮೋರು ಸಿಗ್ತಾರೆ, ಊಟ ಮಾತು ಎಲ್ಲ ಇರುತ್ತೆ ಅಂತ. ಆದ್ರೆ ಇಲ್ಲಿ ಮಕ್ಕಳ ಆಟದ ಮ್ಯಾಚ್ ಎಲ್ಲಾ ನಡೆಯೋದೇ ಶನಿವಾರ ಬೆಳಗ್ಗೆ, ಅಪ್ಪ ಅಮ್ಮಂದಿರು ಪರಿಚಯ ಆಗೋದೂ ಅದೇ ಮೈದಾನದ ಪಕ್ಕ. ಎರಡು ವರ್ಷ ನನ್ನ ಮಗಳು ಒಂದು ಟೀಮಿಗೂ ಸೇರ್ಲಿಲ್ಲ, ನಾನು ಸೇರೋಕೆ ಬಿಡ್ಲಿಲ್ಲ. ಆ ಶನಿವಾರಗಳು ವಾಪಸ್ ಬರಲ್ಲ, ಈಗ ನೆನೆಸಿಕೊಂಡ್ರೂ ಹೊಟ್ಟೆ ಉರಿಯುತ್ತೆ.

ಇನ್ನೊಂದು ತಪ್ಪು ಗೇಟಿಂದು. ಫಾರ್ಮ್ ದಾರೀಲಿ ಒಂದು ಗೇಟ್ ತೆರೆದಿತ್ತು, ಒಳ್ಳೇದಾಗ್ಲಿ ಅಂತ ಮುಚ್ಚಿ ಬಂದೆ. ಕುರಿಗಳಿಗೆ ನೀರಿಗೆ ಹೋಗೋ ದಾರಿ ಅದೇ ಆಗಿತ್ತು. ಪಕ್ಕದ ಫಾರ್ಮಿನ ಯಜಮಾನರು ಬೈಲಿಲ್ಲ, ಗೇಟ್ ಹೆಂಗಿತ್ತೋ ಹಂಗೇ ಬಿಡ್ಬೇಕು ಅಂತ ಮೆತ್ತಗೆ ಹೇಳಿದ್ರು. ಚಳ್ಳಕೆರೆ ಕಡೆಯವನು ನಾನು, ಕುರಿ ರೊಪ್ಪದ ಪಕ್ಕ ಬೆಳೆದವನು, ನನಗೆ ಇದು ಹೊಳೀಬೇಕಿತ್ತು. ಅವತ್ತಿಂದ ಈ ಜಾಗ ಹೆಂಗೆ ಶುರುವಾಯ್ತು ಅಂತ ಕೇಳೋಕೆ ಶುರು ಮಾಡ್ದೆ.

1851ರಲ್ಲಿ ರೋಡ್ಸ್ ಅಣ್ಣತಮ್ಮಂದಿರು ಇಲ್ಲಿಗೆ ಕುರಿ ಹೊಡ್ಕೊಂಡು ಬಂದ್ರು, ಜಾರ್ಜ್ ರೋಡ್ಸ್ ಸಮುದ್ರದ ದಂಡೇಲಿ ಒಂದು ಗುಡಿಸಲು ಹಾಕಿದ. ಅವರ ಕುರಿ ಸ್ಟೇಷನ್, ಅಂದ್ರೆ ದೊಡ್ಡ ಕುರಿ ಫಾರ್ಮ್, ಅದರ ಹೆಸರು ಲೆವೆಲ್ಸ್, ಓಪಿಹಿ ಹೊಳೆಯಿಂದ ಪರೆಯೋರಾ ಹೊಳೆವರೆಗೂ ಸುಮಾರು 1,50,000 ಎಕರೆ. ಸಮುದ್ರದಿಂದ ಒಳಗಡೆ, ಲೆವೆಲ್ಸ್‌ನಲ್ಲಿ ಟೋಟರಾ ಮರದ ದಪ್ಪ ಹಲಗೆ ನಿಲ್ಲಿಸಿ ಕಟ್ಟಿದ ರೋಡ್ಸ್ ಅವರ ಪುಟ್ಟ ಮನೆ ಈಗಲೂ ಇದೆ. ಬಂದರು ಇರ್ಲಿಲ್ಲ, ಉಣ್ಣೆ ಮೂಟೆನ ಕಲ್ಲುದಂಡೆಯಿಂದ ದೋಣೀಲಿ ಹಡಗಿಗೆ ಸಾಗಿಸ್ಬೇಕಿತ್ತು. 1859ರಲ್ಲಿ ಸ್ಟ್ರಾಥಲನ್ ಅನ್ನೋ ಹಡಗು ಇಂಗ್ಲೆಂಡಿಂದ ಸೀದಾ ಇಲ್ಲಿಗೇ ಜನಾನ ತಂದು ಇಳಿಸ್ತು. ಸರ್ಕಾರ ಒಂದು ಊರಿನ ನಕ್ಷೆ ಹಾಕ್ತು, ಅದರ ಪಕ್ಕದಲ್ಲೇ ರೋಡ್ಸ್ ತನ್ನ ಸ್ವಂತ ಜಮೀನಲ್ಲಿ ಇನ್ನೊಂದು ಊರಿನ ನಕ್ಷೆ ಹಾಕಿದ. ಎರಡೂ ಸೇರೋ ನಾರ್ತ್ ಸ್ಟ್ರೀಟ್ ಹತ್ರ ರಸ್ತೆಗಳು ಒಂದಕ್ಕೊಂದು ನೇರ ಕೂಡಲ್ಲ, ಡ್ರೈವಿಂಗ್ ಕಲಿಯುವಾಗ ನಿಮಗೇ ಗೊತ್ತಾಗುತ್ತೆ.

ಜೇಮ್ಸ್ ಮೆಕೆಂಜಿ ಕಥೆ ನನಗೆ ಇನ್ನೂ ಹತ್ತಿರ. 1855ರ ಮಾರ್ಚಲ್ಲಿ ಲೆವೆಲ್ಸ್‌ನಿಂದ ಕಳುವಾದ ಸಾವಿರ ಕುರಿ ಜೊತೆ ಗುಡ್ಡದಾಚೆ ಸಿಕ್ಕಿಬಿದ್ದ, ಜೊತೇಲಿದ್ದಿದ್ದು ಅವನ ನಾಯಿ. ಸ್ಕಾಟ್ಲೆಂಡಿನವನು, ಮನೆಮಾತು ಗೇಲಿಕ್, ವಿಚಾರಣೆ ನಡೆದಿದ್ದು ಇಂಗ್ಲಿಷಲ್ಲಿ. ಐದು ವರ್ಷ ಶಿಕ್ಷೆ ಹಾಕಿದ್ರು, 1856ರಲ್ಲಿ ಕ್ಷಮೆ ಕೊಟ್ಟು ಬಿಟ್ರು. ಇವತ್ತು ಟೆಕಾಪೋ ಸುತ್ತಮುತ್ತಲ ಇಡೀ ಸೀಮೆಗೆ ಅವನದೇ ಹೆಸರು. ತನ್ನ ಮಾತು ಬಾರದ ಜನರ ಮುಂದೆ ನಿಂತವನು ಅಂತ ನೆನೆಸಿಕೊಂಡಾಗೆಲ್ಲ ನನ್ನ ಮೊದಲ ಇಂಟರ್ವ್ಯೂ ನೆನಪಾಗುತ್ತೆ.

ಆದ್ರೆ ಕಥೆ ಕುರಿಯಿಂದ ಶುರು ಅಂತ ಮಾತ್ರ ಅಂದ್ಕೋಬೇಡಿ, ನಾನು ಹಂಗಂದ್ಕೊಂಡು ಒಬ್ಬ ಮಾವೊರಿ (ಇಲ್ಲಿನ ಮೂಲನಿವಾಸಿ) ಸಹೋದ್ಯೋಗಿ ಮುಂದೆ "ಮೊದಲು ಬಂದೋರು" ಅಂತ ರೋಡ್ಸ್ ಹೆಸರು ಹೇಳ್ಬಿಟ್ಟೆ, ಆಕೆ ಮುಖ ಬಾಡಿದ್ದು ಇನ್ನೂ ಕಣ್ಣ ಮುಂದೆ ಇದೆ. ಓಪಿಹಿ ಕಣಿವೆಯ ಸುಣ್ಣಕಲ್ಲಲ್ಲಿ ಅವರ ಪೂರ್ವಿಕರು ಬರೆದ ಚಿತ್ರಗಳಿವೆ, ಟೆಮುಕಾ ಪಕ್ಕದಲ್ಲೇ ಅರೊವೆನುವಾ ಮರೈ, ಅಂದ್ರೆ ಅವರು ಸೇರೋ ಜಾಗ, ಇದೆ. 1848ರಲ್ಲಿ ಸರ್ಕಾರದವರು ಕೋಟಿಗೂ ಹೆಚ್ಚು ಎಕರೆ ಭೂಮಿನ ಬರೀ 2,000 ಪೌಂಡ್‌ಗೆ ಇಲ್ಲಿನ ಮಾವೊರಿ ಬುಡಕಟ್ಟಾದ ನೈ ತಹು ಜನರಿಂದ ಬರೆಸ್ಕೊಂಡ್ರು, ಅವರಿಗೆ ಬಿಡ್ತೀವಿ ಅಂದ ಜಾಗ ಸರಿಯಾಗಿ ಬಿಡ್ಲಿಲ್ಲ. ಸರ್ಕಾರ ಕ್ಷಮೆ ಕೇಳಿ ಪರಿಹಾರ ಕೊಟ್ಟಿದ್ದು 1998ರಲ್ಲಿ. ನೂರೈವತ್ತು ವರ್ಷ! ಆ ಕಲ್ಲುಚಿತ್ರಗಳ ಬಗ್ಗೆ ಇರೋ ಟಿಮಾರುವಿನ ತೆ ಆನಾ ಕೇಂದ್ರಕ್ಕೆ ಮಕ್ಕಳನ್ನ ಕರ್ಕೊಂಡು ಹೋಗಿ, ಲೆವೆಲ್ಸ್ ನೋಡೋಕೆ ಮುಂಚೆ ಅಲ್ಲಿಗೆ ಹೋಗಿ.

ಮಗಳು ಆ ಹಲಗೆ ಮನೆ ವಿಷಯ ಸ್ಕೂಲಲ್ಲಿ ಬರೆದಳು. ಬರೀತಾ ಬರೀತಾ, "ಅಪ್ಪಾ, ನಿಮ್ಮ ಹಟ್ಟಿ ಮೊದಲು ಹಾಕಿದ್ದು ಯಾರು?" ಅಂದ್ಲು. ನಮ್ಮ ಕಡೆ ಎಷ್ಟೋ ಊರು ಕುರಿಹಟ್ಟಿಯಿಂದಲೇ ಆಗಿದ್ದು, ಮುಳ್ಳುಬೇಲಿ, ಒಂದು ಗುಡಿಸಲು, ಕಂಬಳಿ ಹೊದ್ದ ಒಬ್ಬ ಮುದುಕ. ಆ ಮುದುಕನ ಹೆಸರು ನನಗೆ ಗೊತ್ತಿರ್ಲಿಲ್ಲ. ಅವತ್ತು ರಾತ್ರಿ ಅಪ್ಪನಿಗೆ ಫೋನ್ ಮಾಡ್ದೆ. "ನಿಮ್ಮಜ್ಜನಿಗೆ ಗೊತ್ತಿತ್ತಪ್ಪ, ನಾನು ಕೇಳ್ಲಿಲ್ಲ" ಅಂದ್ರು. ಮಗಳ ಪುಸ್ತಕದಲ್ಲಿ ರೋಡ್ಸ್ ಮನೆ ಚಿತ್ರದ ಪಕ್ಕ ನಮ್ಮ ಹಟ್ಟಿ ಚಿತ್ರ ಇದೆ, ಕೆಳಗೆ ಹೆಸರಿನ ಜಾಗ ಇನ್ನೂ ಖಾಲಿ.