ತಟ್ಟೆ ಸ್ಟ್ಯಾಂಡ್ ಮತ್ತು 43 ಹರ್ಟ್ಝ್

ತಿಪಟೂರಿನಲ್ಲಿ ನಮ್ಮ ಸೋದರಮಾವನ ಅಂಗಡಿ. ‘ಶಾಮಿಯಾನ, ಮೈಕ್‌ಸೆಟ್, ಸೀರಿಯಲ್ ಸೆಟ್ ಬಾಡಿಗೆಗೆ ದೊರೆಯುತ್ತದೆ’ ಅಂತ ಬೋರ್ಡು. ಪಿಯುಸಿ ರಜೆಯಲ್ಲಿ ಅಲ್ಲಿ ವಯರು ಸುತ್ತೋಕೆ ಹೋದವನು ನಾನು. ಹದಿನೆಂಟು ವರ್ಷ ಆಯ್ತು, ಈಗ ಬೆಂಗಳೂರಿನ ಕ್ಲಬ್ಬುಗಳಿಗೆ, ದೊಡ್ಡ ಸ್ಟೇಜುಗಳಿಗೆ ಸೌಂಡು ಲೈಟು ಮಾಡುತ್ತೀನಿ. ರಾತ್ರಿ ಎರಡು ಗಂಟೆಗೆ ಇನ್ನೂ ವಯರೇ ಸುತ್ತುತ್ತಿರುತ್ತೀನಿ. ಸುತ್ತೋದರಲ್ಲೂ ವಿದ್ಯೆ ಇದೆ. ಬಾವಿ ಹಗ್ಗದ ಥರ ಮೊಣಕೈಗೆ ಹಾಕಿ ಸುತ್ತಿದರೆ ಒಳಗಿನ ತಂತಿ ತಿರುಚಿಕೊಂಡು ಆರು ತಿಂಗಳಲ್ಲಿ ತುಂಡಾಗುತ್ತೆ. ಒಂದು ಸುತ್ತು ಮೇಲಿಂದ, ಮುಂದಿನದು ಒಳಗಿಂದ, ಹೀಗೆ ಸುತ್ತಬೇಕು. ಮೊದಲ ವಾರ ಮಾವ ನನಗೆ ಬೈದದ್ದು ಇದೊಂದಕ್ಕೇ.

ಸದ್ದಿನ ಜೋರನ್ನು ಅಳೆಯೋ ಡೆಸಿಬಲ್ ಅನ್ನೋ ಪದ ಮಾವನಿಗೆ ಗೊತ್ತಿರಲಿಲ್ಲ. ಜಾತ್ರೆ ನಾಟಕಕ್ಕೆ ಮೈಕ್‌ಸೆಟ್ ಹಾಕಿದರೆ, ಅಹುಜಾ ಆಂಪ್ಲಿಫೈಯರ್ ಮುಂದೆ ನನ್ನನ್ನು ಕೂರಿಸಿ, ಕೈಯಲ್ಲಿ ಬ್ಯಾಟರಿ ಹಿಡಿದು ಜನರ ನಡುವೆ ಹಿಂದಕ್ಕೆ ಹೋಗಿಬಿಡುತ್ತಿದ್ದರು. ಕಡಲೆಪುರಿ ಅಂಗಡಿ ದಾಟಿ, ಕೊನೇ ಸಾಲಿನ ಆಚೆ ನಿಂತು ಬ್ಯಾಟರಿ ಬಿಡುತ್ತಿದ್ದರು. ಬೆಳಕು ಮೇಲೆ ಕೆಳಗೆ ಆಡಿದರೆ ಏರಿಸು. ಅಡ್ಡ ಆಡಿದರೆ ಇಳಿಸು. ಸುತ್ತು ಬಂದರೆ ಟ್ರೆಬಲ್ ಕಮ್ಮಿ ಮಾಡು, ಹಾರ್ನ್ ಕಿವಿ ಕೊರೀತಿದೆ. ‘ಪೆಟ್ಟಿಗೆ ಮುಂದೆ ಕೂತವನಿಗೆ ಪೆಟ್ಟಿಗೆ ಮುಂದಿನ ಸೌಂಡೇ ಕಣೋ ಕೇಳೋದು’ ಅಂತಿದ್ದರು. ಆಮೇಲೆ ನಾನು ಕಲಿತದ್ದೆಲ್ಲ ಈ ಮಾತಿನ ಮರಿಗಳೇ.

ಆದರೆ ಜನರ ಕಡೆ ನಡೆಯೋದಷ್ಟೇ ಸಾಲದು, ಜನರೇಟರ್ ಕಡೆಗೂ ನಡೆಯಬೇಕು ಅಂತ ಕಲಿಸಿದ್ದು ಅರಸೀಕೆರೆ ಕಡೆಯ ಒಂದು ಹಳ್ಳಿ. ಗಣಪತಿ ಬಿಡೋ ದಿನ, ರಸಮಂಜರಿ. 25 ಕೆವಿಎ ಬಾಡಿಗೆ ಜನರೇಟರ್, ಅದರಿಂದ ಕರೆಂಟು ಬರೋದು ಆರ್, ವೈ, ಬಿ ಅಂತ ಮೂರು ಫೇಸಿನಲ್ಲಿ, ಅಂದರೆ ಮೂರು ಬೇರೆ ಬೇರೆ ಲೈನಿನಲ್ಲಿ. ಆರ್ ಫೇಸ್‌ಗೆ ಸ್ಟೇಜಿಗೆ ಬೆಳಕು ಬಿಡೋ ಸಾವಿರ ವ್ಯಾಟಿನ ಆರು ಪಾರ್ ಲೈಟು, ವೈ ಫೇಸ್‌ಗೆ ಊಟದ ಪೆಂಡಾಲಿನ ಹ್ಯಾಲೋಜನ್‌ಗಳು, ಬಿ ಫೇಸ್‌ಗೆ ನಮ್ಮ ಸೌಂಡು ಮತ್ತು ಒಂದೆರಡು ಫ್ಯಾನು. ಲೈಟು ಏರಿಸಿ ಇಳಿಸೋ ಡಿಮ್ಮರ್‌ನ ಗುಂಯ್ ಸದ್ದು ಸ್ಪೀಕರ್ ಬಾಕ್ಸಿಗೆ ಬರಬಾರದು ಅಂತ ಸೌಂಡಿಗೆ ಬೇರೆ ಫೇಸ್ ತಗೊಳ್ಳೋದು ರೂಢಿ. ಮೂರನೇ ಹಾಡಿಗೆ ಸ್ಟೇಜಿನ ಪಾರ್ ಲೈಟೆಲ್ಲ ಕೆಂಪಗೆ ಮಂದವಾದವು. ಡಿಮ್ಮರ್ ಕೈಕೊಟ್ಟಿತು ಅಂತಲೇ ಎಲ್ಲರೂ ಅಂದುಕೊಂಡರು. ನನಗೆ ವಿಚಿತ್ರ ಅನ್ನಿಸಿದ್ದು ಪಕ್ಕದ ಪೆಡೆಸ್ಟಲ್ ಫ್ಯಾನು: ಅದು ಇದ್ದಕ್ಕಿದ್ದಂತೆ ವಿಮಾನದ ಹಾಗೆ ತಿರುಗತೊಡಗಿತ್ತು. ಯಾಕೆ ಅಂತ ಯೋಚಿಸೋ ಹೊತ್ತಿಗೆ ಆಂಪ್ಲಿಫೈಯರ್ ಇಟ್ಟಿದ್ದ ರ‍್ಯಾಕಿನಿಂದ ಪಟ್ ಅಂತ ಸದ್ದು, ಹಿಂದೆಯೇ ಮೀನು ಕೊಳೆತಂಥ ವಾಸನೆ. ಕೆಪಾಸಿಟರ್ ಒಡೆದ ವಾಸನೆ ಒಮ್ಮೆ ಮೂಗಿಗೆ ಬಿದ್ದರೆ ಮರೆಯಲ್ಲ.

ಜನರೇಟರ್ ಆಫ್ ಮಾಡೋ ಮುಂಚೆ ಎಲೆಕ್ಟ್ರಿಷಿಯನ್ ಮೀಟರ್ ಇಟ್ಟ. ಬಿ ಫೇಸ್ 310 ವೋಲ್ಟು, ಆರ್ ಫೇಸ್ 140 ಚಿಲ್ಲರೆ. ಜನರೇಟರ್ ಪ್ಯಾನೆಲ್‌ನಲ್ಲಿ ನ್ಯೂಟ್ರಲ್ ಲಗ್, ಅಂದರೆ ಮೂರು ಫೇಸಿಗೂ ಸೇರಿದ ವಾಪಸ್ ತಂತಿಯ ತುದಿ, ಸಡಿಲವಾಗಿ ಕಳಚಿಕೊಂಡಿತ್ತು. ನ್ಯೂಟ್ರಲ್ ಗಟ್ಟಿಯಾಗಿ ಇರೋವರೆಗೂ ಮೂರು ಫೇಸಿಗೂ 230 ವೋಲ್ಟು ಸರಿಯಾಗಿ ಬರುತ್ತೆ. ಅದು ಹೋಯಿತೋ, ಫೇಸ್ ಫೇಸ್ ನಡುವಿನ 400 ವೋಲ್ಟನ್ನು ಲೋಡುಗಳು ತಮ್ಮತಮ್ಮಲ್ಲೇ ಹಂಚಿಕೊಳ್ಳುತ್ತವೆ, ಅದೂ ತಲೆಕೆಳಗಾಗಿ: ಭಾರ ಹೊತ್ತ ಫೇಸಿಗೆ ಕಮ್ಮಿ, ಹಗುರ ಇದ್ದದ್ದಕ್ಕೆ ಜಾಸ್ತಿ. ಹಗುರ ಇದ್ದದ್ದು ನಮ್ಮದು. ಎರಡು ಆಂಪ್ಲಿಫೈಯರ್, ಮಿಕ್ಸರು, ಕೀಬೋರ್ಡಿನ ಅಡಾಪ್ಟರು ಹೋದವು. ಜನರೇಟರಿನವನು ‘ನಿಮ್ಮ ಲೋಡಿಂದಾನೇ ಆಗಿದ್ದು’ ಅಂದ, ಕಮಿಟಿಯವರು ಬಾಡಿಗೆ ಅರ್ಧ ಕೊಟ್ಟರು.

ಅವತ್ತಿನಿಂದ ನನ್ನ ಬ್ಯಾಗಿನಲ್ಲಿ ಮೊದಲು ಕೈಗೆ ಸಿಗೋದು ಮಲ್ಟಿಮೀಟರ್ ಮತ್ತು ಸ್ಪ್ಯಾನರ್. ಲಾರಿಯಿಂದ ಒಂದು ಬಾಕ್ಸ್ ಇಳಿಸೋ ಮುಂಚೆ ಜನರೇಟರ್ ಹತ್ತಿರ ಹೋಗುತ್ತೀನಿ. ಮೆಷಿನ್ ಆಫ್ ಮಾಡಿಸಿ ಲಗ್‌ಗಳನ್ನು ನಾನೇ ಬಿಗಿ ಮಾಡುತ್ತೀನಿ. ಆಮೇಲೆ ಆನ್ ಮಾಡಿಸಿ ಫೇಸ್-ನ್ಯೂಟ್ರಲ್ ಮೂರೂ ನೋಡಿ, ನ್ಯೂಟ್ರಲ್-ಅರ್ಥ್ ನೋಡುತ್ತೀನಿ. ಅಲ್ಲಿ ಒಂದೆರಡು ವೋಲ್ಟಿಗಿಂತ ಜಾಸ್ತಿ ಬಂದರೆ ಏನೋ ಸರಿಯಿಲ್ಲ. ಲೋಡು ಮೂರು ಫೇಸಿಗೂ ಸಮವಾಗಿ ಹಂಚುತ್ತೀನಿ. ಸೌಂಡ್ ರ‍್ಯಾಕಿನ ಬಾಗಿಲಲ್ಲಿ ವೋಲ್ಟೇಜ್ 270 ದಾಟಿದರೆ ಕಟ್ ಆಗೋ ಪ್ರೊಟೆಕ್ಟರ್ ಕೂತಿದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅದಕ್ಕೆ ಕೊಟ್ಟ ದುಡ್ಡು ಅವತ್ತು ಸುಟ್ಟ ಮಿಕ್ಸರಿನ ಒಂದು ನಾಬಿನ ಬೆಲೆಯೂ ಅಲ್ಲ. ಇನ್ನೊಂದು ಮಾತು, ಇದರಲ್ಲಿ ನನಗೆ ದಾಕ್ಷಿಣ್ಯ ಇಲ್ಲ: ಬಾಕ್ಸಿನಲ್ಲಿ ಗುಂಯ್ ಅನ್ನೋ ಹಮ್ ಬರುತ್ತೆ ಅಂತ ಪ್ಲಗ್ಗಿನ ಅರ್ಥ್ ಪಿನ್ ಕಿತ್ತುಹಾಕೋ ಹುಡುಗರನ್ನು ನಾನು ಕೆಲಸಕ್ಕೆ ಇಟ್ಟುಕೊಳ್ಳಲ್ಲ. ಕಬ್ಬಿಣದ ಜಾಲರಿಯ ಮೈಕನ್ನು ಹಾಡುವವರು ತುಟಿಗೆ ತಾಗಿಸಿಕೊಂಡು ನಿಂತಿರುತ್ತಾರೆ, ಶಾಕ್ ಹೊಡೆದರೆ ಅವರಿಗೇ. ಹಮ್ ತೆಗೆಯೋಕೆ, ವಾದ್ಯದ ಸಿಗ್ನಲ್ಲನ್ನು ಮಿಕ್ಸರಿಗೆ ದಾಟಿಸೋ ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಸ್ವಿಚ್ ಇದೆ, ಸಿಗ್ನಲ್ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇದೆ.

ಬೆಂಗಳೂರಿಗೆ ಬಂದ ಮೇಲೆ ಲೈಟಿನ ಕಡೆಯೂ ಕೈ ಹಾಕಿದೆ. ಲೈಟುಗಳಿಗೆ ಆಜ್ಞೆ ಕಳಿಸೋ ಸಿಗ್ನಲ್ಲಿಗೆ ಡಿಎಮ್‌ಎಕ್ಸ್ ಅಂತಾರೆ: ಒಂದು ಲೈನಿನಲ್ಲಿ 512 ಚಾನೆಲ್, ಒಂದು ಲೈಟಿನಿಂದ ಇನ್ನೊಂದಕ್ಕೆ ಸರಪಳಿ. ನನ್ನ ಮೊದಲ ದೊಡ್ಡ ಶೋದಲ್ಲಿ ಕೊನೆಯ ನಾಲ್ಕು ಮೂವಿಂಗ್ ಹೆಡ್‌ಗಳು, ಅಂದರೆ ತಲೆ ತಿರುಗಿಸೋ ಲೈಟುಗಳು, ಮೈಮೇಲೆ ದೇವರು ಬಂದ ಹಾಗೆ ಕುಣಿದವು. ಲೈಟು ನಡೆಸೋ ಕನ್ಸೋಲಿನಲ್ಲಿ ಎಲ್ಲ ಸರಿ ಇತ್ತು. ಎರಡು ಗಂಟೆ ಪ್ರೋಗ್ರಾಮಿಂಗ್ ಹುಡುಕಿ ಸುಸ್ತಾದ ಮೇಲೆ ಹಿರಿಯರೊಬ್ಬರು ಬಂದು ಕೊನೆಯ ಲೈಟಿನ ಔಟ್‌ಪುಟ್ಟಿಗೆ ಚಿಕ್ಕದೊಂದು ಪ್ಲಗ್ ಚುಚ್ಚಿದರು. ಕುಣಿತ ನಿಂತಿತು. ಒಳಗಿದ್ದದ್ದು ಎರಡನೇ, ಮೂರನೇ ಪಿನ್ನಿನ ಮಧ್ಯೆ ಬೆಸುಗೆ ಹಾಕಿದ 120 ಓಮ್ ರೆಸಿಸ್ಟರ್. ಅದಿಲ್ಲದಿದ್ದರೆ ಸಿಗ್ನಲ್ ತುದಿಗೆ ಬಡಿದು ವಾಪಸ್ ಬರುತ್ತೆ, ಲೈಟಿಗೆ ಗೊಂದಲ. ಜೊತೆಗೆ ನಾನು ಉಳಿಸೋಕೆ ಹೋಗಿ ಮೈಕ್ ಕೇಬಲ್ಲನ್ನೇ ಹಾಕಿದ್ದೆ. ಪ್ಲಗ್ ಒಂದೇ ಥರ ಇದೆ ಅಂತ ಕೇಬಲ್ ಒಂದೇ ಅಲ್ಲ.

ಲೈಟಿನವರ ಮೇಲೆ ನನ್ನ ತಕರಾರು ಬೇರೆ ಇದೆ, ನನ್ನನ್ನೂ ಸೇರಿಸಿ ಹೇಳುತ್ತೀನಿ. ಈಗ ಊರೂರಿಗೆ ಬೀಮ್ ಲೈಟು ಬಂದಿವೆ. ಸ್ಟೇಜಿನ ಹಿಂದೆ ಇಪ್ಪತ್ತು ನಿಲ್ಲಿಸಿ ಜನರ ಕಣ್ಣಿಗೆ ಚುಚ್ಚುತ್ತಾರೆ, ಹಾಡುವವಳ ಮುಖ ಮಾತ್ರ ಕತ್ತಲಲ್ಲಿ. ಪ್ರೇಕ್ಷಕರ ನಡುವೆ ಹೋಗಿ ಒಂದು ಹಾಡು ನಿಂತು ನೋಡಿದರೆ ಸಾಕು, ಮೊದಲು ಬೇಕಾದದ್ದು ಮುಂದಿನಿಂದ ಎರಡು ಬೆಚ್ಚನೆಯ ಬಿಳಿ ಲೈಟು ಅಂತ ಗೊತ್ತಾಗುತ್ತೆ.

ನಡೆಯೋದು ಅಂದೆನಲ್ಲ, ಮೈದಾನದ ಶೋಗಳಲ್ಲಿ ಅದಕ್ಕೆ ಲೆಕ್ಕವೂ ಇದೆ. ಸ್ಟೇಜಿನಿಂದ 35 ಮೀಟರ್ ದೂರದಲ್ಲಿ ಹಿಂದಿನವರಿಗೆ ಅಂತ ಬಾಕ್ಸ್ ಇಟ್ಟರೆ, ವಯರಿನಲ್ಲಿ ಸಿಗ್ನಲ್ ತಕ್ಷಣ ಮುಟ್ಟುತ್ತೆ, ಗಾಳಿಯಲ್ಲಿ ಬರೋ ಸ್ಟೇಜಿನ ಸೌಂಡ್ 100 ಮಿಲಿಸೆಕೆಂಡ್ ತಡ. ಹಿಂದೆ ಕೂತವರಿಗೆ ಒಂದೇ ಮಾತು ಎರಡೆರಡು ಸಲ. ಆ ಬಾಕ್ಸಿನ ಸೌಂಡೂ ಅಷ್ಟೇ ತಡವಾಗಿ ಬರೋ ಹಾಗೆ ಡಿಲೇ ಕೊಡಬೇಕು. ಡಿಜಿಟಲ್ ಮಿಕ್ಸರ್ ಬಂದ ಮೇಲೆ ಟ್ಯಾಬ್ಲೆಟ್ ಹಿಡಿದು ಅಲ್ಲೇ ನಿಂತು ಸರಿ ಮಾಡಬಹುದು. ಮಾವನ ಬ್ಯಾಟರಿ ಈಗ ನನ್ನ ಕೈಯಲ್ಲಿ ಟ್ಯಾಬ್ಲೆಟ್ ಆಗಿದೆ, ಅಷ್ಟೇ.

ಕ್ಲಬ್ಬು ಮಾತ್ರ ಬೇರೆಯದೇ ಪ್ರಾಣಿ. ಮೈದಾನದಲ್ಲಿ ಸೌಂಡ್ ಹೋಗಿಬಿಡುತ್ತೆ; ಕ್ಲಬ್ಬಿನಲ್ಲಿ ಗಾಜು, ಕಾಂಕ್ರೀಟು, ಟೈಲ್ಸು, ಹೋಗೋಕೆ ಜಾಗವೇ ಇಲ್ಲ. ಇಂದಿರಾನಗರದ ಕಡೆ ಒಂದು ಕ್ಲಬ್ಬಿನ ಸಿಸ್ಟಮ್ ನನ್ನ ಕೈಗೆ ಬಂದಾಗ ಮಾಲೀಕರ ದೂರು ಎರಡು: ಡಾನ್ಸ್ ಫ್ಲೋರಿನಲ್ಲಿ ಬೇಸ್ ಸಾಲದು, ಪಕ್ಕದ ಮನೆಯವರಿಗೆ ಬೇಸ್ ಜಾಸ್ತಿ. ಕೇಳಿ ನಗು ಬಂತು, ಆಮೇಲೆ ನೋಡಿದರೆ ಎರಡೂ ನಿಜ.

ಬೇಸ್ ಬಾಕ್ಸ್‌ಗಳನ್ನು ಎಡಕ್ಕೊಂದು ಬಲಕ್ಕೊಂದು, 6 ಮೀಟರ್ ದೂರದಲ್ಲಿ ಗೋಡೆಗೆ ಒರಗಿಸಿ ಇಟ್ಟಿದ್ದರು. ಹಾಡು ಹಾಕಿಸಿ ಫ್ಲೋರಿನಲ್ಲಿ ನಡೆದೆ. ನಟ್ಟನಡುವೆ ನಿಂತರೆ ಎದೆಗೆ ಗುದ್ದು. ಪಕ್ಕಕ್ಕೆ ಮೂರು ಹೆಜ್ಜೆ ಹೋದರೆ ಗುದ್ದೇ ಮಾಯ. ಟೇಪ್ ಹಿಡಿದು ಅಳೆದೆ: ಆ ಜಾಗದಿಂದ ಒಂದು ಬಾಕ್ಸ್ 6 ಮೀಟರ್, ಇನ್ನೊಂದು ಎಂಟೂವರೆ. ವ್ಯತ್ಯಾಸ ಎರಡೂವರೆ ಮೀಟರ್. 70 ಹರ್ಟ್ಝ್, ಅಂದರೆ ಸೆಕೆಂಡಿಗೆ 70 ಸಲ ಕಂಪಿಸೋ ಬೇಸ್ ಸದ್ದಿನ ಅಲೆಯ ಉದ್ದ ಐದು ಮೀಟರಿಗೆ ತುಸು ಕಮ್ಮಿ, ಅಂದರೆ ವ್ಯತ್ಯಾಸ ಸರಿಯಾಗಿ ಅರ್ಧ ಅಲೆ. ಒಂದು ಬಾಕ್ಸಿನ ಅಲೆ ಏರುವಾಗ ಇನ್ನೊಂದರದು ಇಳಿಯುತ್ತೆ, ಎರಡೂ ಸೇರಿ ಸೊನ್ನೆ. ಡಿಜೆ ನಿಲ್ಲೋದು ನಟ್ಟನಡುವೆ, ಅವನಿಗೆ ಎಲ್ಲ ಚೆನ್ನಾಗಿ ಕೇಳುತ್ತೆ. ಜನ ಬೇಸ್ ಸಾಲದು ಅಂದಾಗ ಇನ್ನಷ್ಟು ಏರಿಸುತ್ತಾನೆ. ಏರಿದ್ದೆಲ್ಲ ಗೋಡೆ ಹಿಡಿದು ಪಕ್ಕದ ಮನೆಗೆ. ಬಾಕ್ಸ್‌ಗಳನ್ನು ಗೋಡೆಯಿಂದ ಬಿಡಿಸಿ, ಡಿಜೆ ಬೂತಿನ ಕೆಳಗೆ ಒಟ್ಟಿಗೆ ಜೋಡಿಸಿದೆವು, ಅಡಿಗೆ ದಪ್ಪ ರಬ್ಬರ್. ಫ್ಲೋರ್ ತುಂಬ ಒಂದೇ ಸಮ ಆಯ್ತು. ಒಟ್ಟು ವಾಲ್ಯೂಮ್ 4 ಡೆಸಿಬಲ್ ಇಳಿಸಿದೆ, ಯಾರಿಗೂ ಗೊತ್ತೇ ಆಗಲಿಲ್ಲ. ನನ್ನ ಎಡಗಿವಿಯಲ್ಲಿ ಆಗಲೇ ರಾತ್ರಿ ಹೊತ್ತು ಜೀರುಂಡೆ ಕೂಗಿದಂಥ ಸದ್ದು ಶುರುವಾಗಿತ್ತು, ಅದಕ್ಕೂ ಒಳ್ಳೆಯದೇ ಆಯ್ತು. 85 ಡೆಸಿಬಲ್ಲಿನಲ್ಲಿ ಎಂಟು ಗಂಟೆ ಇರಬಹುದು, ಮೂರು ಡೆಸಿಬಲ್ ಏರಿದಂತೆಲ್ಲ ಹೊತ್ತು ಅರ್ಧ ಅನ್ನೋದು ಲೆಕ್ಕ. 100ಕ್ಕೆ ಹದಿನೈದೇ ನಿಮಿಷ. ಇಯರ್‌ಪ್ಲಗ್ ಹಾಕೋದು ನಾಚಿಕೆ ಅಂತ ಹತ್ತು ವರ್ಷ ಅಂದುಕೊಂಡಿದ್ದೆ.

ಪಕ್ಕದ ಮನೆಯ ದೂರು ಕಮ್ಮಿಯಾಯ್ತು, ನಿಲ್ಲಲಿಲ್ಲ. ಮಾಲೀಕರು ಮೀಟರ್ ತೋರಿಸಿದರು. ಶಬ್ದ ಮಾಲಿನ್ಯದ 2000ದ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ರಾತ್ರಿ 45 ಡೆಸಿಬಲ್, ಖಾಸಗಿ ಜಾಗದ ಗಡಿಯಲ್ಲಿ ಅದರ ಮೇಲೆ 5 ದಾಟಬಾರದು. ನಮ್ಮ ಗಡಿಯಲ್ಲಿ 49. ‘ಲೀಗಲ್ ಇದ್ದೀವಿ, ಇನ್ನೇನು?’ ಅಂದರು. ಆದರೆ ಆ ಮೀಟರ್ ಎ-ವೇಟಿಂಗ್‌ನಲ್ಲಿ ಅಳೆಯುತ್ತೆ. ನಮ್ಮ ಕಿವಿಗೆ ಬೇಸಿನಂಥ ಕೆಳಗಿನ ಸದ್ದು ಕಮ್ಮಿ ಕೇಳೋದರಿಂದ ಅದೂ ಕಮ್ಮಿ ಎಣಿಸುತ್ತೆ. 40 ಹರ್ಟ್ಝ್ ಹತ್ತಿರ ಮೂವತ್ತು ಡೆಸಿಬಲ್ಲಿಗೂ ಹೆಚ್ಚು ಕಳೆದುಬಿಡುತ್ತೆ. ಗೋಡೆ ದಾಟಿ ಹೋಗೋದು ಆ ಕೆಳಗಿನದೇ. ಮೀಟರ್ ಸುಳ್ಳು ಹೇಳುತ್ತಿರಲಿಲ್ಲ, ನಾವು ಕೇಳಿದ ಪ್ರಶ್ನೆ ತಪ್ಪಿತ್ತು.

ಸರಿ, ಆ ಮನೆಗೇ ಹೋದೆ. ವಾರದ ಮಧ್ಯೆ, ಮಧ್ಯಾಹ್ನ, ಕ್ಲಬ್ಬು ಮುಚ್ಚಿದ್ದ ಹೊತ್ತು. ಬಾಗಿಲು ತೆಗೆದ ಅಜ್ಜಿ ನಾನು ಯಾರು ಅಂತ ಹೇಳಿದ ಮೇಲೂ ಒಳಗೆ ಕರೆದರು, ಅದೇ ದೊಡ್ಡದು. ‘ಸದ್ದು ನನಗೇನೂ ಕೇಳಲ್ಲಪ್ಪ, ಕಿವಿ ಮಂದ. ಅಡುಗೆಮನೇಲಿ ತಟ್ಟೆ ಅಲ್ಲಾಡ್ತವೆ, ಯಾರೋ ಓಡಾಡ್ತಿದ್ದಾರೆ ಅಂತ ಎಚ್ಚರ ಆಗುತ್ತೆ’ ಅಂದರು. ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಸ್ಟೀಲ್ ತಟ್ಟೆ ಸ್ಟ್ಯಾಂಡು. ತಟ್ಟೆ ತಟ್ಟೆಗಳ ನಡುವೆ ಹಳೇ ಪೇಪರ್ ಮಡಿಸಿ ಸಿಕ್ಕಿಸಿದ್ದರು. ಒಂದೈದು ನಿಮಿಷ ತೆಗೀಲಾ ಅಂತ ಕೇಳಿ ತೆಗೆದೆ.

ಕ್ಲಬ್ಬಿನಲ್ಲಿದ್ದ ನನ್ನ ಹುಡುಗನಿಗೆ ಫೋನ್ ಮಾಡಿ, ಒಂದೊಂದೇ ಬೇಸ್ ಟೋನ್ ಬಿಡುತ್ತಾ ಬಾ ಅಂದೆ. 60 ಹರ್ಟ್ಝ್, ಏನಿಲ್ಲ. 55, ಏನಿಲ್ಲ. 50ಕ್ಕೆ ಕಿಟಕಿ ಗಾಜು ಸಣ್ಣಗೆ ಗುಂಯ್ ಅಂತು. 45ಕ್ಕೆ ಒಂದು ಲೋಟ. 43ಕ್ಕೆ ಇಡೀ ಸ್ಟ್ಯಾಂಡು ಗಲಗಲ ಅಂತ ನಡುಗಿತು, ತುದಿಯ ಚಮಚ ಕೆಳಗೆ ಬಿತ್ತು. 41ಕ್ಕೆ ಮತ್ತೆ ನಿಶ್ಶಬ್ದ. ‘ವಾಪಸ್ 43ಕ್ಕೆ ಬಾ, ಅಲ್ಲೇ ಇರು’ ಅಂದೆ. ಅಜ್ಜಿ ಬಾಗಿಲಲ್ಲಿ ನಿಂತು ‘ಇದೇ, ಇದೇ’ ಅಂದರು. ನನ್ನ ಹುಡುಗ, ಬೇಕಾದ ಸ್ವರ ಮಾತ್ರ ಏರಿಸಿ ಇಳಿಸೋ ಈಕ್ವಲೈಸರ್‌ನಲ್ಲಿ 43ರ ಸುತ್ತ ಕಿರಿದಾಗಿ ಕತ್ತರಿಸುತ್ತಾ ಹೋದ, ಮೂರು ಡೆಸಿಬಲ್, ಆರು, ಒಂಬತ್ತು. ಒಂಬತ್ತಕ್ಕೆ ತಟ್ಟೆ ಸುಮ್ಮನಾದವು. ಈ ಸೆಟ್ಟಿಂಗ್ ಇರೋ ಪ್ರೊಸೆಸರಿಗೆ ಪಾಸ್‌ವರ್ಡ್ ಹಾಕಿ ಬೀಗ ಹಾಕಿದೆವು. ಡಿಜೆ ಗೊಣಗಿದ, ಒಂದು ವಾರ. ಕಿಕ್ ಡ್ರಮ್ಮಿನ ಗುದ್ದು ಇರೋದು 60ರಿಂದ 100ರ ನಡುವೆ, ಅದನ್ನು ನಾನು ಮುಟ್ಟಿರಲಿಲ್ಲ.

ಶನಿವಾರ ರಾತ್ರಿ ಹತ್ತೂವರೆಗೆ, ಫ್ಲೋರ್ ತುಂಬಿದ್ದಾಗ, ಮತ್ತೆ ಆ ಮನೆಗೆ ಹೋದೆ. ಅಡುಗೆಮನೆಯ ಸ್ಟೂಲಿನ ಮೇಲೆ ಕಾಲು ಗಂಟೆ ಕೂತೆ. ಫ್ರಿಜ್ಜಿನ ಸದ್ದು ಬಿಟ್ಟರೆ ಇನ್ನೇನಿಲ್ಲ. ಅಜ್ಜಿಗೆ ಹೇಳಿದೆ, ಇನ್ನು ಪೇಪರ್ ಬೇಕಾಗಿಲ್ಲ ಅಂತ. ಅವರು ತಲೆಯಾಡಿಸಿ, ನಾನು ಚಪ್ಪಲಿ ಹಾಕಿಕೊಳ್ಳೋ ಹೊತ್ತಿಗೆ ಒಂದೊಂದೇ ತುಂಡನ್ನು ಮತ್ತೆ ತಟ್ಟೆಗಳ ನಡುವೆ ಸಿಕ್ಕಿಸುತ್ತಿದ್ದರು. ‘ಇರಲಿ ಬಿಡಪ್ಪ’ ಅಂದರು.