ಒಂದೇ ಸರ್ವರ್‌, ನಾಲ್ಕು ಟೈಮ್‌ಝೋನ್ ಪಟ್ಟಿ: ನನ್ನ ಅನುಭವ

ನಮ್ಮ ದೇಶದಲ್ಲಿ ವರ್ಷವಿಡೀ ಒಂದೇ ಸಮಯ, ಜಗತ್ತಿನ ಮಾನಕ ಸಮಯವಾದ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. ಹಾಗಾಗಿ ಟೈಮ್‌ಝೋನ್ ಡೇಟಾ, ಅಂದರೆ ಯಾವ ಊರಿನ ಗಡಿಯಾರ ಯಾವಾಗ ಎಷ್ಟು ಹಿಂದೆ ಮುಂದೆ ಎಂಬ ಪಟ್ಟಿಯ ಬಗ್ಗೆ ಇಲ್ಲಿ ಜಾಸ್ತಿ ಜನ ತಲೆ ಕೆಡಿಸಿಕೊಳ್ಳುವುದಿಲ್ಲ. ನನಗೆ ಅದು ದಿನದ ಕೆಲಸ. ಕುಶಾಲನಗರದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಕೊಡಗಿನ ಕಾಫಿ ಇಟಲಿ, ರಷ್ಯಾ, ಜೋರ್ಡನ್‌ಗೆಲ್ಲ ಹೋಗುತ್ತದೆ. ಖರೀದಿದಾರರ ಫೋನ್ ಮಾತುಕತೆ, ರೇಟ್ ಹೇಳುವ ಗಡುವು ಎಲ್ಲವೂ ಅವರ ಊರಿನ ಗಡಿಯಾರದ ಪ್ರಕಾರ.

2022ರ ಅಕ್ಟೋಬರ್ ಮೊದಲ ವಾರದಲ್ಲಿ ಜೋರ್ಡನ್ ಸರ್ಕಾರ ಚಳಿಗಾಲಕ್ಕೆ ಗಡಿಯಾರವನ್ನು ಒಂದು ಗಂಟೆ ಹಿಂದಿಡುವುದನ್ನೇ ಕೈಬಿಟ್ಟಿತು. ಇನ್ನು ವರ್ಷಪೂರ್ತಿ ಯುಟಿಸಿ +3. ಹಿಂದಿಡಬೇಕಿದ್ದದ್ದು ಅದೇ ತಿಂಗಳ ಕೊನೆಗೆ. ಅಂದರೆ ಲೋಕದ ಕಂಪ್ಯೂಟರ್‌ಗಳಿಗೆಲ್ಲ ಸಿಕ್ಕಿದ್ದು ಕೆಲವೇ ವಾರ. ನವೆಂಬರ್‌ನಲ್ಲಿ ಆಫೀಸಿನ ಹುಡುಗಿ ಫೋನ್ ಮಾಡಿದಳು. "ಅಣ್ಣಾ, ಜೋರ್ಡನ್‌ನ ಅಮ್ಮಾನ್‌ನವರ ಹತ್ತು ಗಂಟೆ ಕಾಲ್ ಸ್ಕ್ರೀನ್‌ನಲ್ಲಿ ಹನ್ನೆರಡೂವರೆ ಅಂತಿದೆ, ಪ್ರಿಂಟ್‌ನಲ್ಲಿ ಒಂದೂವರೆ. ಯಾವುದನ್ನ ನಂಬೋದು?"

ಸ್ಕ್ರೀನ್ ಹೇಳಿದ್ದೇ ಸರಿ. ಆದರೆ ಎರಡೂ ಒಂದೇ ಸರ್ವರ್‌ನಿಂದ ಬಂದಿದ್ದವು.

ನಮ್ಮ ಸರ್ವರ್‌ನಲ್ಲಿ ಸಮಯ ಲೆಕ್ಕ ಹಾಕುವ ಎಲ್ಲ ಲೈಬ್ರರಿಗಳ (ಪ್ರೋಗ್ರಾಂಗಳು ಬಳಸುವ ಸಿದ್ಧ ಕೋಡ್) ಮೂಲ ಒಂದೇ. ಆರ್ಥರ್ ಡೇವಿಡ್ ಓಲ್ಸನ್ ಶುರು ಮಾಡಿದ, ಈಗ ಪಾಲ್ ಎಗರ್ಟ್ ನೋಡಿಕೊಳ್ಳುವ, ಇಂಟರ್ನೆಟ್‌ನ ಹೆಸರು, ಸಂಖ್ಯೆಗಳನ್ನು ನಿರ್ವಹಿಸುವ ಐಎಎನ್‌ಎ ಸಂಸ್ಥೆ ಹೊರತರುವ ಟಿಝೆಡ್ (ಟೈಮ್‌ಝೋನ್) ಡೇಟಾಬೇಸ್. ಜೋರ್ಡನ್ ಬದಲಾವಣೆ ಅದರ 2022ಇ ಆವೃತ್ತಿಯಲ್ಲಿ ಬೇಗನೇ ಬಂತು. ತೊಂದರೆ ಅಲ್ಲಿಲ್ಲ. ಪ್ರತಿ ಲೈಬ್ರರಿಯೂ ತನ್ನದೇ ಪ್ರತಿ ಇಟ್ಟುಕೊಳ್ಳುತ್ತದೆ. ಒಂದೇ ಮನೆಯ ಕೋಣೆ ಕೋಣೆಯಲ್ಲೂ ಬೇರೆ ಬೇರೆ ವರ್ಷದ ಕ್ಯಾಲೆಂಡರ್ ತೂಗುಹಾಕಿದ ಹಾಗೆ.

ಮೊದಲು ಯಾರ ಹತ್ತಿರ ಯಾವ ಆವೃತ್ತಿ ಇದೆ ಅಂತ ನೋಡಿದೆ. ಲಿನಕ್ಸ್‌ನಲ್ಲಿ ಟಿಝೆಡ್‌ಡೇಟಾ ಪ್ಯಾಕೇಜ್ ಹೊಸದು. ಡೆಬಿಯನ್ ಎಂಬ ಲಿನಕ್ಸ್‌ನಲ್ಲಿ ಡೇಟಾಬೇಸ್ ಪ್ರೋಗ್ರಾಂ ಆದ ಪೋಸ್ಟ್‌ಗ್ರೆಸ್ ಅದನ್ನೇ ಓದುತ್ತದೆ, ಹಾಗಾಗಿ ಸ್ಕ್ರೀನ್ ಸರಿ ಇತ್ತು. ಪ್ರಿಂಟ್ ತೆಗೆಯುವುದು ಜಾವಾ. ಅದರ ಪಟ್ಟಿ ಜಾವಾದ ಸಾಧನಗಳ ಕಟ್ಟಾದ ಜೆಡಿಕೆ ಒಳಗೇ ಇರುತ್ತದೆ, ಲಿನಕ್ಸ್ ಅಪ್‌ಡೇಟ್ ಮಾಡಿದರೆ ಅದು ಬದಲಾಗುವುದಿಲ್ಲ. ಪೈಥಾನ್ ಭಾಷೆಯ ಪೈಟಿಝೆಡ್ ಲೈಬ್ರರಿಗೂ ಸ್ವಂತ ಪ್ರತಿ. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ತನ್ನ ಐಸಿಯು ಲೈಬ್ರರಿ ಜೊತೆ ಇನ್ನೊಂದು ತರುತ್ತದೆ.

ಲಿನಕ್ಸ್‌ನ ಪ್ರತಿಯನ್ನೇ ಎಲ್ಲರೂ ಓದಬೇಕು ಅಂತ ತೀರ್ಮಾನಿಸಿದೆ. ಪೈಥಾನ್‌ನಲ್ಲಿ ಪೈಟಿಝೆಡ್ ತೆಗೆದು 3.9ನೇ ಆವೃತ್ತಿಯಿಂದ ಜೊತೆಗೇ ಬರುವ ಝೋನ್‌ಇನ್ಫೋ ಹಾಕಿದೆ. ಅದು ಮೊದಲು ಸಿಸ್ಟಂನ ಪಟ್ಟಿಯನ್ನೇ ಹುಡುಕುತ್ತದೆ. ನೋಡ್‌ನಲ್ಲಿ ಸಮಯ ಬದಲಿಸುವ ಲೆಕ್ಕವನ್ನೇ ನಿಲ್ಲಿಸಿ ಪೋಸ್ಟ್‌ಗ್ರೆಸ್‌ಗೆ ವಹಿಸಿದೆ. ಜಾವಾ ಮಾತ್ರ ಹಾಗೆ ಬಗ್ಗಲಿಲ್ಲ. ಅದಕ್ಕೆ ಜೆಡಿಕೆ ಅಪ್‌ಡೇಟ್, ಇಲ್ಲವೇ ಅದರ ಪಟ್ಟಿಯನ್ನಷ್ಟೇ ಬದಲಿಸುವ ಟಿಝೆಡ್‌ಅಪ್‌ಡೇಟರ್. ಪಟ್ಟಿ ಬದಲಿಸಿದ ಮೇಲೆ ಪ್ರೋಗ್ರಾಂಗಳನ್ನು ನಿಲ್ಲಿಸಿ ಮತ್ತೆ ಶುರು ಮಾಡಲೇಬೇಕು. ಓಡುತ್ತಿರುವ ಪ್ರೋಗ್ರಾಂ ಹಳೆಯದನ್ನೇ ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ.

ಇಷ್ಟಾದರೂ ಹಳೆಯ ದಾಖಲೆಗಳು ಸರಿಯಾಗಲಿಲ್ಲ. ಮುಂದಿನ ಕೆಲವು ಕಾಲ್‌ಗಳನ್ನು ಯುಟಿಸಿಗೆ ಬದಲಿಸಿ ಉಳಿಸಿದ್ದರು, ಅದೂ ಹಳೆಯ ನಿಯಮದ ಪ್ರಕಾರ. ಡೇಟಾಬೇಸ್‌ಗೆ ಯುಟಿಸಿ ಒಂದೇ ಸಾಕು ಅನ್ನುವ ಸಲಹೆ ಎಲ್ಲೆಲ್ಲೂ ಸಿಗುತ್ತದೆ. ನಡೆದುಹೋದ ಸಂಗತಿಗೆ ಅದು ಸರಿ. ಲಾರಿ ತೂಕ ಹಾಕಿದ ಸಮಯಕ್ಕೆ ಈಗಲೂ ಅದನ್ನೇ ಇಟ್ಟಿದ್ದೇನೆ. ಮುಂದೆ ನಡೆಯಬೇಕಾದ್ದಕ್ಕೆ ಬೇಕಿರುವುದು 'ಬೆಳಿಗ್ಗೆ ಹತ್ತು, ಏಷ್ಯಾ/ಅಮ್ಮಾನ್' ಎಂಬ ಮಾತು, ಏಕೆಂದರೆ ಎರಡು ಕಡೆಯವರು ಒಪ್ಪಿಕೊಂಡದ್ದು ಅದನ್ನೇ. ಆ ಕಾಲಮ್‌ಗಳನ್ನೆಲ್ಲ ಹಾಗೆ ಬದಲಿಸಿದೆ. ಹೆಚ್ಚು ಸಮಯ ಹಿಡಿದದ್ದು ಇದೇ.

ಹೆಸರುಗಳದ್ದೂ ಒಂದು ಗೋಳು. ಕ್ರೋಮ್ ನಮ್ಮ ಝೋನ್ ಕೇಳಿದರೆ ಏಷ್ಯಾ/ಕ್ಯಾಲ್ಕಟಾ ಅನ್ನುತ್ತದೆ, ಸರ್ವರ್ ಏಷ್ಯಾ/ಕೋಲ್ಕತಾ ಅನ್ನುತ್ತದೆ. ಎರಡೂ ಒಂದೇ. ಸುಮ್ನೆ ಅಕ್ಷರ ಹೋಲಿಸಿದರೆ ಬೇರೆ ಅನ್ನಿಸುತ್ತದೆ, ಅಲ್ವಾ? ಒಳಗೆ ಬರುವಾಗಲೇ ಒಂದು ಹೆಸರಿಗೆ ತಿರುಗಿಸುತ್ತೇನೆ.

ಈಗ ದಿನಾ ಬೆಳಿಗ್ಗೆ ಒಂದು ಸ್ಕ್ರಿಪ್ಟ್ ಓಡುತ್ತದೆ. ಅಮ್ಮಾನ್, ಕೈರೋ, ರೋಮ್, ಮಾಸ್ಕೋ, ಕೋಲ್ಕತಾ ಝೋನ್‌ಗಳ ಮುಂದಿನ ಒಂದು ವರ್ಷದ ತಾರೀಖುಗಳನ್ನು ಜಾವಾ, ಪೈಥಾನ್, ಪೋಸ್ಟ್‌ಗ್ರೆಸ್ ಮೂರಕ್ಕೂ ಕೊಟ್ಟು ಉತ್ತರ ಹೋಲಿಸುತ್ತದೆ. ಆವೃತ್ತಿ ಸಂಖ್ಯೆ ನೋಡುವುದಕ್ಕಿಂತ ಇದು ಒಳ್ಳೆಯದು, ನಮಗೆ ಬೇಕಿರುವ ಊರಿನ ಉತ್ತರ ಒಂದೇ ಇದೆಯಾ ಎಂಬುದು ನೇರವಾಗಿ ಗೊತ್ತಾಗುತ್ತದೆ. 2023ರಲ್ಲಿ ಈಜಿಪ್ಟ್ ಬೇಸಿಗೆ ಸಮಯವನ್ನು ಮತ್ತೆ ತಂದಾಗ, ಏಪ್ರಿಲ್ ಕೊನೆಗೆ ಗಡಿಯಾರ ಮುಂದಿಡುವ ಮೊದಲೇ ಸ್ಕ್ರಿಪ್ಟ್ ಕೈರೋ ಸಾಲಿನಲ್ಲಿ ಜಾವಾ ಹಿಂದೆ ಬಿದ್ದಿದೆ ಅಂತ ತೋರಿಸಿತು. ಜೆಡಿಕೆ ಬದಲಿಸಿ, ರಿಪೋರ್ಟ್ ಪ್ರೋಗ್ರಾಂ ಮತ್ತೆ ಶುರು ಮಾಡಿದೆ.